ಡಿಂಪ್ನಾಳ ಬ್ರೆಡ್ಡಿಗೆ ಥ್ಯಾಂಕ್ಸ್ ಹೇಳಬಾರದು

ಮೊದಲೇ ಹೇಳಿಬಿಡುತ್ತೇನೆ, ನನ್ನ ತಮ್ಮ ಫೆಲಿಮ್‌ನ ಹೆಂಡತಿ ಡಿಂಪ್ನಾಗೂ ನನಗೂ ಅಷ್ಟಕ್ಕಷ್ಟೇ. ಅವಳು ಮಾಡುವ ಚಹಾ ನೀರಿಗಿಂತ ಒಂದು ಬಣ್ಣ ಹೆಚ್ಚು, ಅಷ್ಟೇ. ಭಾನುವಾರ ಚರ್ಚಿಗೆ ತಡವಾಗಿ ಬರುತ್ತಾಳೆ. ತಡವಾಗಿ ಬಂದವಳು ಹಿಂದೆ ಕೂರಬೇಕೋ ಬೇಡವೋ? ನೆಟ್ಟಗೆ ಮುಂದಿನ ಸಾಲಿಗೇ ಬಂದು ನನ್ನ ಪಕ್ಕ ಒತ್ತರಿಸಿಕೊಂಡು ಕೂರುತ್ತಾಳೆ. ನಕ್ಕರಂತೂ ಹೊಳೆಯಾಚೆಯ ನನ್ನ ಮನೆಯ ಚಹಾದ ಬಸಿ ಅಲುಗಾಡುತ್ತದೆ. ಹೀಗಿದ್ದೂ ಅವಳ ಕಥೆ ಹೇಳುವುದಕ್ಕೆ ನನಗಿಂತ ತಕ್ಕವರು ಡ್ರಮ್‌ಕೀಲ್‌ನಲ್ಲಿ ಯಾರೂ ಇಲ್ಲ. ನಲವತ್ತೊಂದು ವರ್ಷ ಅವಳನ್ನು ಆಡಿಕೊಂಡವಳು ನಾನೇ ತಾನೇ!

ಐರ್ಲೆಂಡಿನ ಭೂಪಟದಲ್ಲಿ ನಮ್ಮ ಊರನ್ನು ಹುಡುಕಬೇಡಿ. ಕ್ಯಾವನ್ ಜಿಲ್ಲೆಯ ಮೇಲೆ ಒಂದು ನೊಣ ಕೂತರೆ ನಾವು ಮುಚ್ಚಿಹೋಗುತ್ತೇವೆ. ಇಲ್ಲಿ ಕಣ್ಣುಮುಚ್ಚಿ ಕಲ್ಲು ಎಸೆದರೆ ಅದು ಡೋಲನ್ ಮನೆತನದವರೊಬ್ಬರ ತಲೆಗೇ ಬೀಳುವುದು. ನಾನು ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕೂತವಳು, ಆ ಕಷ್ಟ ನನಗೆ ಗೊತ್ತು. ಬರೀ ‘ಡೋಲನ್, ಡ್ರಮ್‌ಕೀಲ್’ ಎಂದು ಬರೆದ ಕಾಗದ ಬಂದರೆ ಅದು ಹದಿನೇಳು ಮನೆಗಳಲ್ಲಿ ಯಾರದ್ದಾದರೂ ಆಗಬಹುದು. ಅದಕ್ಕೇ ಒಂದೊಂದು ಮನೆಗೆ ಒಂದೊಂದು ಅಡ್ಡಹೆಸರು. ಊರಿಗೆ ಮೊದಲು ಕತ್ತೆ ತಂದವರು ಕತ್ತೆ ಡೋಲನ್ನರು. ಮೇಲೆ ಇರುವವರು ಗುಡ್ಡದ ಡೋಲನ್ನರು. ಹೊಳೆಯ ದಡದಲ್ಲಿರುವ ನಾವು ಸೇತುವೆ ಡೋಲನ್ನರು.

ಈ ಸೇತುವೆ ಡೋಲನ್ನರೆಂದರೆ ಸಾಮಾನ್ಯರಲ್ಲ. ಅಂದರೆ, ನಾನು ಹಾಗೆಂದು ಊರಿಗೆಲ್ಲ ಹೇಳಿಟ್ಟಿದ್ದೆ. ಡೋಲನ್ ಕುಲದ ಲಾಂಛನವನ್ನು ಅಚ್ಚು ಹಾಕಿದ ಬಟ್ಟೆಯೊಂದು ಸಿಗುತ್ತದೆ, ಪಾತ್ರೆ ಒರೆಸುವುದಕ್ಕೆಂದೇ ಮಾಡಿದ್ದು. ನಾನು ಅದರಲ್ಲಿ ಪಾತ್ರೆ ಒರೆಸಲಿಲ್ಲ, ಗಾಜಿನ ಕಟ್ಟು ಹಾಕಿಸಿ ಅಗ್ಗಿಷ್ಟಿಕೆಯ ಮೇಲೆ ತೂಗುಹಾಕಿದೆ. ಹೋದ ವರ್ಷ ದೇಶವಿದೇಶದ ಡೋಲನ್ನರೆಲ್ಲ ಸೇರಿದ್ದ ಮೆರವಣಿಗೆಯಲ್ಲಿ ಬಾವುಟ ಹಿಡಿದು ಮುಂದೆ ನಡೆದವಳೂ ನಾನೇ. ನನ್ನ ಹೆಸರು ಅಸಂಪ್ಟಾ ಡೋಲನ್. ಮದುವೆಯಾಗಲಿಲ್ಲ, ಯಾಕೆಂದರೆ ಆ ಹೆಸರು ಬಿಡಲು ಮನಸ್ಸು ಬರಲಿಲ್ಲ. ಕೇಳಿದವರೂ ಹೆಚ್ಚು ಜನ ಇರಲಿಲ್ಲ ಅನ್ನಿ.

ಡಿಂಪ್ನಾ ಗುಡ್ಡದ ಡೋಲನ್ನರ ಹುಡುಗಿ. ಒಂಬತ್ತು ಮಕ್ಕಳಲ್ಲಿ ಏಳನೆಯವಳು. ಸಾವಿರದ ಒಂಬೈನೂರ ಎಪ್ಪತ್ತೊಂದರ ಬೇಸಿಗೆಯಲ್ಲಿ, ಗುಡಾರ ಹಾಕಿ ನಡೆಸುವ ಕುಣಿತದಲ್ಲಿ, ನನ್ನ ತಮ್ಮ ಅವಳ ಕಾಲು ತುಳಿದ. ಕ್ಷಮಿಸಿ ಅನ್ನಲು ಬಾಯಿ ಬರದೆ ನಿಂತ. ಅವಳು ಆ ಮಹಾ ನಗು ನಕ್ಕಳು. ಕ್ರಿಸ್‌ಮಸ್ಸಿಗೆ ಮದುವೆ. ಒಂದು ಸೂಟ್‌ಕೇಸ್, ಅದಕ್ಕೆ ಹಗ್ಗದ ಕಟ್ಟು, ಇಷ್ಟೇ ಅವಳ ಆಸ್ತಿ. “ಗುಡ್ಡದವರು ಗಾಳಿ ಬಿಟ್ಟು ಬೇರೇನೂ ಕೊಡಲ್ಲ” ಎಂದು ನಾನು ಅಡಿಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

ಮದುವೆಯ ಮರುದಿನ ಬೆಳಿಗ್ಗೆ, ಅವಳು ಇನ್ನೂ ಸೂಟ್‌ಕೇಸಿನ ಹಗ್ಗ ಬಿಚ್ಚಿಲ್ಲ, ಬಾಗಿಲಲ್ಲಿ ಒಬ್ಬಳು ಹೆಂಗಸು. ಕಂಕುಳಲ್ಲಿ ನಾಯಿಕೆಮ್ಮಿನ ಮಗು.

“ಹೊಸ ಮದುಮಗಳು ಎಲ್ಲಿ? ಒಂದು ಚೂರು ಬ್ರೆಡ್ಡು ಕೊಡ್ಬೇಕಂತೆ ಅವಳು.”

“ನಾನಾ? ನಂಗ್ಯಾಕೆ?” ಎಂದಳು ಡಿಂಪ್ನಾ.

“ಅಯ್ಯೋ ಹುಚ್ಚು ಹುಡ್ಗೀ! ನೀನು ಡೋಲನ್ ಆಗಿ ಹುಟ್ಟಿ ಡೋಲನ್ನನ್ನೇ ಕಟ್ಕೊಂಡಿದ್ದೀಯ. ನಿಂಗೆ ಮದ್ದು ಬಂದಿದೆ ಕಣೇ!”

ಇದು ನಮ್ಮ ಕಡೆಯ ಹಳೆಯ ನಂಬಿಕೆ. ಹುಟ್ಟಿದ ಮನೆಯ ಹೆಸರೂ ಸೇರಿದ ಮನೆಯ ಹೆಸರೂ ಒಂದೇ ಆಗಿದ್ದು, ಎರಡರ ನಡುವೆ ರಕ್ತಸಂಬಂಧ ಎಳ್ಳಷ್ಟೂ ಇಲ್ಲದಿದ್ದರೆ ಅಂಥವಳ ಕೈಯ ಬ್ರೆಡ್ಡು ನಾಯಿಕೆಮ್ಮಿಗೆ ಮದ್ದು. ಅದಕ್ಕೆ ಕಟ್ಟಳೆಗಳೂ ಇವೆ. ಬೇಕಾದವರೇ ಬಾಗಿಲಿಗೆ ಬಂದು ಬಾಯಿಬಿಟ್ಟು ಕೇಳಬೇಕು, ಮಾತು ಬಾರದ ಮಗುವಾದರೆ ತಾಯಿ ಕೇಳಬೇಕು. ಅವಳಾಗಿ ಕೊಡುವಂತಿಲ್ಲ. ಹಣ ಮುಟ್ಟುವಂತಿಲ್ಲ. ಹೊಸಿಲಲ್ಲೇ ತಿಂದು ಹೊರಡಬೇಕು. ಮುಖ್ಯವಾಗಿ, ಥ್ಯಾಂಕ್ಸ್ ಹೇಳಬಾರದು. ಹೇಳಿದಿರೋ, ಮದ್ದು ಅಲ್ಲಿಗೇ ಕೆಟ್ಟಿತು.

ಡಿಂಪ್ನಾ ಅವತ್ತು ಗಾಬರಿಯಲ್ಲಿ ಬ್ರೆಡ್ಡನ್ನು ಸೀಯಿಸಿದಳು. ಕರಿಕಾದ ತುಂಡಿಗೆ ಒಂದು ಮಣ ಜಾಮ್ ಹಚ್ಚಿ ಕೊಟ್ಟಳು. ಮಗು ತಿಂದಿತು, ಮುಖ ಸಿಂಡರಿಸಿತು, ವಾರದಲ್ಲಿ ಕೆಮ್ಮು ನಿಂತಿತು. ಸರಿ, ಅಲ್ಲಿಂದ ಶುರು. ಹತ್ತು ಊರಾಚೆಯಿಂದ ಜನ. ಅವಳ ಸ್ವಂತ ಮಗಳೇ ದೊಡ್ಡವಳಾಗಿ ನರ್ಸ್ ಆಗಿ, ಮಕ್ಕಳಿಗೆಲ್ಲ ನಾಯಿಕೆಮ್ಮಿನ ಸೂಜಿ ಚುಚ್ಚಿ ಅಮ್ಮನ ಕಸುಬಿಗೆ ಕಲ್ಲು ಹಾಕಿದಳು ಎಂದುಕೊಂಡೆ. ಎಲ್ಲಿ! ಮದ್ದು ಬೇರೆ ಬೇರೆ ಕಡೆಗೆ ಹಬ್ಬಿತು. ಒಣಕೆಮ್ಮು, ಬಿಕ್ಕಳಿಕೆ, ಪರೀಕ್ಷೆಯ ಭಯ, ಕೆಮ್ಮುವ ಕರು. “ಡಾಕ್ಟರ ಮಾತ್ರೆ ಬಿಡ್ಬೇಡಿ, ಇದು ಮೇಲೊಂದಿಷ್ಟು ಅಷ್ಟೇ” ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆದರೆ ನಲವತ್ತೊಂದು ವರ್ಷ, ಒಂದು ದಿನವೂ ತಪ್ಪದೆ, ಮನೆಗೆ ಬೇಕಾದ್ದಕ್ಕಿಂತ ಒಂದು ಬ್ರೆಡ್ಡು ಹೆಚ್ಚಿಗೆ ಬೇಯಿಸಿ ಕಿಟಕಿಯಲ್ಲಿ ಆರಲು ಇಡುತ್ತಿದ್ದಳು.

ನಾನು? ನಾನೊಬ್ಬಳೇ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಒಂದು ಸಲ ಎರಡು ದಿನ ಬಿಕ್ಕಳಿಸಿದೆ, ಹೊಳೆ ದಾಟಲಿಲ್ಲ.

ಹೀಗಿರುವಾಗ ಹೋದ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ಯಾಲರಾಟ್ ಎಂಬ ಊರಿನಿಂದ ನರೆಲ್ ಬಂದಿಳಿದಳು. ಡಿಂಪ್ನಾಳ ಮುತ್ತಜ್ಜ ಓವನ್ನನ ಕಿರಿಯ ಮಗನೊಬ್ಬ ಚಿನ್ನ ಅಗೆಯುತ್ತೇನೆಂದು ಆ ಕಡೆ ಹೋಗಿದ್ದ. ಚಿನ್ನ ಸಿಗಲಿಲ್ಲ, ಅವನ ಮೊಮ್ಮಗಳು ನರೆಲ್ ಮಾತ್ರ ನಮಗೆ ಸಿಕ್ಕಳು. ಅರವತ್ತೈದು ವಯಸ್ಸು, ನಿವೃತ್ತ ಭೂಗೋಳದ ಮೇಡಂ, ಮಂಡಿ ಕಾಣುವ ಚಡ್ಡಿ, ಕಂಕುಳಲ್ಲಿ ಒಂದು ಉದ್ದನೆಯ ಕಾಗದದ ಸುರುಳಿ. ಅದರಲ್ಲಿ ವಂಶವೃಕ್ಷ. ಒಳ್ಳೆಯ ಹೆಂಗಸೇ, ಆದರೆ ಅವಳಿಗೊಂದು ಚಟ. ಪ್ರತಿಯೊಂದಕ್ಕೂ ಥ್ಯಾಂಕ್ಸ್. ಬಸ್ಸಿನ ಡ್ರೈವರನಿಗೆ ಥ್ಯಾಂಕ್ಸ್, ಮೊಟ್ಟೆಯಿಟ್ಟ ಕೋಳಿಗೆ ಥ್ಯಾಂಕ್ಸ್, ಮಳೆ ನಿಂತರೆ ಆಕಾಶಕ್ಕೆ ಥ್ಯಾಂಕ್ಸ್.

ಬಂದ ಸಂಜೆಯೇ ಅವಳಿಗೆ ಬಿಕ್ಕಳಿಕೆ. ಡಿಂಪ್ನಾಳ ಬ್ರೆಡ್ಡಿನ ವಿಷಯ ತಿಳಿದು ಕೇಳಿದಳು, ಹೊಸಿಲಲ್ಲಿ ನಿಂತು ತಿಂದಳು. ಬಿಕ್ಕಳಿಕೆ ನಿಂತಿತು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೇವೆ, ಇವಳು ಎದೆಯ ಮೇಲೆ ಕೈಯಿಟ್ಟು, “ಓ, ಥ್ಯಾಂಕ್ಸ್! ಥ್ಯಾಂಕ್ಸ್! ತುಂಬಾ ಥ್ಯಾಂಕ್ಸ್!” ಎಂದಳು.

“ಅಯ್ಯೋ ಹೋಯ್ತಲ್ಲಾ! ಹೇಳ್ಬೇಡಾ ಅಂತ ಬಡ್ಕೊಂಡೆನಲ್ಲೇ!” ಎಂದು ಡಿಂಪ್ನಾ ತಲೆ ಚಚ್ಚಿಕೊಂಡಳು.

“ಹಿಕ್” ಎಂದಳು ನರೆಲ್. ಬೆಳಗಿನ ತನಕ ಬಿಕ್ಕಳಿಸಿದಳು. ಡಿಂಪ್ನಾ ಬೆಳಗಿನ ತನಕ ನಕ್ಕಳು.

ನದೀಮೂಲ ಋಷಿಮೂಲ ಕೇಳಬಾರದಂತೆ. ಆ ಪಟ್ಟಿಗೆ ಡೋಲನ್ ಮೂಲವನ್ನೂ ಸೇರಿಸಿಕೊಳ್ಳಿ. ನರೆಲ್ ಎರಡು ವಾರ ಚರ್ಚಿನ ಹಳೆಯ ದಾಖಲೆಗಳ ಧೂಳು ಕುಡಿದು, ಒಂದು ಮಂಗಳವಾರ ಮಧ್ಯಾಹ್ನ ಡಿಂಪ್ನಾಳ ಅಡಿಗೆಮನೆಯ ಮೇಜಿನ ಮೇಲೆ ಸುರುಳಿ ಬಿಚ್ಚಿದಳು. ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ. ನಾನು, ಫೆಲಿಮ್, ಡಿಂಪ್ನಾ ಸುತ್ತ ಕೂತಿದ್ದೆವು.

“ನೋಡಿ ಇಲ್ಲಿ!” ಅವಳ ಬೆರಳು ಎರಡು ಹೆಸರುಗಳ ಮೇಲೆ ಓಡಿತು. “ಗುಡ್ಡದ ಮನೆಯ ಮುತ್ತಜ್ಜ ಓವನ್. ಸೇತುವೆ ಮನೆಯ ಮುತ್ತಜ್ಜ ಟೆರೆನ್ಸ್. ಒಂದೇ ಅಪ್ಪ! ಒಂದೇ ಅಮ್ಮ! ಅಣ್ಣತಮ್ಮಂದಿರು! ಒಲೆಗೆ ಉರಿಸೋ ಮಣ್ಣು ಕಡಿಯೋ ಜೌಗು ನೆಲ ಪಾಲು ಮಾಡೋವಾಗ ಜಗಳ ಆಗಿ, ಟೆರೆನ್ಸ್ ಸಲಿಕೆ ಹಿಡಿಯಲ್ಲಿ ಓವನ್ನನಿಗೆ ಬಾರಿಸಿ, ಕೋರ್ಟಿಗೂ ಹೋಗಿದ್ದಾರೆ. ಆಮೇಲೆ ಎರಡೂ ಮನೆಯವರು ನಂಟು ಅನ್ನೋದನ್ನೇ ಬಾಯಲ್ಲಿ ಎತ್ತಿಲ್ಲ. ಮೊಮ್ಮಕ್ಕಳ ಹೊತ್ತಿಗೆ ಮರ್ತೇಹೋಗಿದೆ. ಫೆಲಿಮ್, ಡಿಂಪ್ನಾ, ನೀವಿಬ್ಬರೂ ದಾಯಾದಿಗಳು! ಎಷ್ಟು ಚೆನ್ನಾಗಿದೆ ಅಲ್ವಾ?”

ಫೆಲಿಮ್ ಬಹಳ ಹೊತ್ತು ಕಾಗದ ನೋಡಿದ. “ಅದಕ್ಕೇ ಇರ್ಬೇಕು, ಇವಳು ನನ್ನ ಮಾತು ಒಂದಿನಾನೂ ಕೇಳಿಲ್ಲ” ಎಂದ.

ಡಿಂಪ್ನಾ ನಗಲಿಲ್ಲ. ಎದ್ದು ಹೋಗಿ, ಕಿಟಕಿಯಲ್ಲಿ ಆರಲು ಇಟ್ಟಿದ್ದ ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿದಳು.

“ಹಾಗಾದ್ರೆ ನಂಗೆ ಮದ್ದು ಬಂದೇ ಇರ್ಲಿಲ್ಲ” ಎಂದಳು. “ರಕ್ತ ಒಂದೇ ಆದ್ರೆ ಮದ್ದಿಲ್ಲ.”

ನಿಜ ಹೇಳುತ್ತೇನೆ, ಒಂದು ನಿಮಿಷ ನನಗೆ ಕುಣಿಯುವಷ್ಟು ಖುಷಿಯಾಯಿತು. ಗುಡ್ಡದವಳ ಜಂಬ ಇಳಿಯಿತಲ್ಲ ಅಂತ. ಆಮೇಲೆ ನರೆಲ್ ನನ್ನ ಕಡೆ ತಿರುಗಿ, “ಟೆರೆನ್ಸ್‌ನ ಮಗ, ಅಂದ್ರೆ ನಿಮ್ಮಜ್ಜ, ಅವನ ಹುಟ್ಟಿನ ದಾಖಲೆ ಮಾತ್ರ ಎಲ್ಲೂ ಸಿಗ್ತಿಲ್ಲ. ಮನೇಲಿ ಹಳೇ ಕಾಗದ ಏನಾದ್ರೂ ಇದ್ಯಾ ಅಸಂಪ್ಟಾ?” ಎಂದಳು. ನನ್ನ ಖುಷಿ ಅಲ್ಲಿಗೇ ಮುಗಿಯಿತು.

ಯಾಕೆಂದರೆ ಕಾಗದ ಇತ್ತು. ನನ್ನ ಮಂಚದ ಕೆಳಗಿನ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಇತ್ತು. ಅಮ್ಮ ಸಾಯುವ ಮುಂಚೆ ನನ್ನ ಕೈಗಿಟ್ಟು, “ಫೆಲಿಮ್‌ಗೂ ಹೇಳ್ಬೇಡ, ಯಾರ್ಗೂ ಹೇಳ್ಬೇಡ” ಅಂದಿದ್ದಳು. ಗತಿಯಿಲ್ಲದವರನ್ನು ಇರಿಸಿಕೊಳ್ಳುತ್ತಿದ್ದ ಆ ಕಾಲದ ಬಡವರ ಮನೆಯಿಂದ ಬಂದ ಕಾಗದ ಅದು. ‘ಗಂಡು ಮಗು, ಸುಮಾರು ಮೂರು ವಾರ, ಹೆಸರಿಲ್ಲ, ಬಾಗಿಲ ಬಳಿ ಬುಟ್ಟಿಯಲ್ಲಿ ಸಿಕ್ಕಿದ್ದು. ಮಕ್ಕಳಿಲ್ಲದ ಟೆರೆನ್ಸ್ ಡೋಲನ್ ದಂಪತಿಗೆ ಒಪ್ಪಿಸಲಾಗಿದೆ.’ ಆ ಮಗುವೇ ನಮ್ಮಜ್ಜ. ಅಂದರೆ ಕುಲದ ಬಾವುಟ ಹಿಡಿದು ಮೆರೆದ ಈ ಅಸಂಪ್ಟಾಳ ಮೈಯಲ್ಲಿ ಡೋಲನ್ ರಕ್ತ ಒಂದು ತೊಟ್ಟೂ ಇಲ್ಲ. ಹೆಸರು ಒಂದೇ, ರಕ್ತ ಬೇರೆ. ಡಿಂಪ್ನಾಳ ಮದ್ದಿಗೆ ಅದೇ ತಾನೇ ಬೇಕಾಗಿದ್ದು?

“ಇಲ್ಲಮ್ಮಾ, ಎಲ್ಲಾ ಇಲಿ ತಿಂದ್ಬಿಟ್ಟಿವೆ” ಎಂದೆ.

ಬುಧವಾರ ಹದಿನೈದು ಮೈಲಿ ದೂರದಿಂದ ಒಬ್ಬ ತಾಯಿ ಕೆಮ್ಮುವ ಮಗುವನ್ನು ಕರೆತಂದಳು. “ಡಾಕ್ಟರ ಹತ್ರಾನೇ ಹೋಗಮ್ಮಾ. ನನ್ನ ಮದ್ದು ಸುಳ್ಳಂತೆ, ನಂಗೇ ಗೊತ್ತಿರ್ಲಿಲ್ಲ” ಎಂದು ಡಿಂಪ್ನಾ ಬರಿಗೈಲಿ ಕಳಿಸಿದಳು. ಆದರೂ ಅಭ್ಯಾಸಬಲ, ಹೆಚ್ಚಿನ ಬ್ರೆಡ್ಡು ಬೇಯಿಸಿಯೇ ಬೇಯಿಸಿದಳು. ಬೇಯಿಸಿ ಕೋಳಿಗಳಿಗೆ ಹಾಕಿದಳು. ಜಾಮ್ ಸಮೇತ.

ಅದೇ ಬುಧವಾರ ಸಂಜೆ ಊರಿಗೆ ನಿಜವಾದ ಗಂಡಾಂತರ ಬಂತು. ಫಿಂಟನ್‌ಗೆ ಬಿಕ್ಕಳಿಕೆ ಹಿಡಿಯಿತು. ಫಿಂಟನ್ ಎಂದರೆ ನಲ್ಲಿ ರಿಪೇರಿ ಮಾಡುವವನು, ಆರಡಿ ಮೂರಂಗುಲ, ನಮ್ಮ ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಭಾನುವಾರ ಫೈನಲ್, ಎದುರಾಳಿ ಪಕ್ಕದ ಕ್ಲೂನಾರ್ಡ್. ಇಪ್ಪತ್ತೆರಡು ವರ್ಷದಿಂದ ನಾವು ಫೈನಲ್ ಮುಖ ಕಂಡಿರಲಿಲ್ಲ. ಗುರುವಾರ ಬೆಳಗಿನ ಅಭ್ಯಾಸದಲ್ಲಿ ಅವನು ಚೆಂಡಿಗೆ ಹಾರುವಾಗಲೆಲ್ಲ “ಹಿಕ್!” ಎಂದು ಅರ್ಧದಲ್ಲೇ ಇಳಿಯುತ್ತಿದ್ದ. ಬಗ್ಗಿಸಿ ನೀರು ಕುಡಿಸಿದರು. ಅಂಗಿಯೊಳಗೆ ಬೆನ್ನ ಮೇಲೆ ತಣ್ಣನೆಯ ಬೀಗದಕೈ ಇಳಿಬಿಟ್ಟರು. ನಮ್ಮ ಚರ್ಚಿನ ಫಾದರ್ ಪಾಪ, ಗೋಡೆಯ ಹಿಂದೆ ಅವಿತು “ಭೋ!” ಎಂದು ಹೆದರಿಸಿದರು. ಅವನು ಹೆದರಿ ಫಾದರ್ ಮೇಲೇ ಬಿದ್ದ. ಫಾದರ್ ಕುಂಟತೊಡಗಿದರು, ಬಿಕ್ಕಳಿಕೆ ನಿಲ್ಲಲಿಲ್ಲ.

ಫಿಂಟನ್ ಡಿಂಪ್ನಾಳ ಬಾಗಿಲಿಗೆ ಹೋದ. “ಡಿಂಪ್ನಾ ಆಂಟೀ, ಹಿಕ್, ಒಂದು ಚೂರು—”

“ಬೇಡ ಕಣಪ್ಪಾ. ಗೊತ್ತಿಲ್ದೆ ಕೊಟ್ಟಿದ್ದು ಬೇರೆ, ಗೊತ್ತಿದ್ದೂ ಕೊಟ್ರೆ ಮೋಸ ಆಗುತ್ತೆ” ಎಂದು ಬಾಗಿಲು ಹಾಕಿಕೊಂಡಳು.

ಆ ಮಧ್ಯಾಹ್ನ ಅವಳು ಹೊಳೆ ದಾಟಿ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸಿಲಲ್ಲೇ ನಿಂತಳು.

“ಅತ್ತಿಗೆ, ಒಂದು ಕೇಳ್ಲಾ? ನಲವತ್ತೊಂದು ವರ್ಷದಲ್ಲಿ ನಿಮ್ಮ ಹತ್ರ ಏನೂ ಕೇಳಿಲ್ಲ ನಾನು. ನಿಮ್ಮಜ್ಜನ ವಿಷ್ಯ ಅಮ್ಮ ಏನಾದ್ರೂ ಹೇಳಿದ್ರಾ? ನರೆಲ್ ಲೆಕ್ಕ ತಪ್ಪಿರ್ಬಹುದಾ?”

“ಏನೂ ಇಲ್ಲ” ಎಂದೆ. ನನ್ನ ಕಣ್ಣು ಗೋಡೆಯ ಮೇಲಿನ ಲಾಂಛನದ ಕಡೆಗೇ ಹೋಯಿತು.

“ಹೂಂ. ಈ ಮನೆಗೆ ಬಂದಾಗ ನನ್ನ ಹತ್ರ ಗಾಳಿ ಬಿಟ್ಟು ಏನೂ ಇರ್ಲಿಲ್ಲ ಅತ್ತಿಗೆ. ನೀವು ಅಡಿಗೆಮನೇಲಿ ಹೇಳಿದ್ದು ಕೇಳಿಸ್ತು ನಂಗೆ. ನಿಜಾನೇ ಹೇಳಿದ್ರಿ. ಮಾರನೇ ದಿನ ಆ ಮದ್ದು ಬಂತಲ್ಲ, ಅದೊಂದೇ ನಂದು ಅಂತ ಇದ್ದಿದ್ದು.”

ಅಷ್ಟು ಹೇಳಿ ಹೋದಳು. ನಲವತ್ತೊಂದು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ನೀರು ಚಹಾ ಕೊಟ್ಟಿದ್ದಾಳೆ! ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಬೆಕ್ಕಿಗೆ ಬೈದೆ.

ಶುಕ್ರವಾರ ಬೆಳಿಗ್ಗೆ ಚಹಾ ಸುರಿದುಕೊಂಡು ಕಿಟಕಿಯ ಬಳಿ ಕೂತೆ. ಬಸಿ ಅಲುಗಾಡಲಿಲ್ಲ. ಮಂಗಳವಾರದಿಂದ ಹೊಳೆಯಾಚೆಯ ಆ ನಗು ಕೇಳಿರಲಿಲ್ಲ. ದೇವರೇ, ಆ ದರಿದ್ರ ನಗು ಇಲ್ಲದೆ ಮನೆ ಎಷ್ಟು ಬಿಕೋ ಅನ್ನುತ್ತಿತ್ತು! ಚಹಾ ಹಾಗೇ ಬಿಟ್ಟೆ. ಎದ್ದವಳೇ ಮಂಚದ ಕೆಳಗಿನ ಡಬ್ಬಿ ಎಳೆದೆ. ಗೋಡೆಯ ಮೇಲಿನ ಲಾಂಛನದ ಕಟ್ಟನ್ನೂ ಕಿತ್ತುಕೊಂಡೆ. ಯಾಕೆ ಕಿತ್ತುಕೊಂಡೆನೋ ಗೊತ್ತಿಲ್ಲ, ಬರಿಗೈಲಿ ಹೋಗಲು ಧೈರ್ಯ ಸಾಲಲಿಲ್ಲ.

ಡಿಂಪ್ನಾಳ ಅಂಗಳದಲ್ಲಿ ಅರ್ಧ ಊರೇ ಇತ್ತು. ಫುಟ್‌ಬಾಲ್ ತಂಡದವರು ಅವಳನ್ನು ಒಪ್ಪಿಸಲು ಬಂದಿದ್ದರು. ಫಾದರ್ ಕೋಲೂರಿ ನಿಂತಿದ್ದರು. ಫೆಲಿಮ್ ಗೋಡೆಗೊರಗಿ ಪೈಪು ಕಚ್ಚಿಕೊಂಡಿದ್ದ. ನರೆಲ್ ಒಂದು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಕರವಸ್ತ್ರ ಕೊಟ್ಟವರಿಗೆ ಥ್ಯಾಂಕ್ಸ್ ಹೇಳುತ್ತ. ಡಿಂಪ್ನಾ ಬಾಗಿಲಲ್ಲಿ ಕೈಕಟ್ಟಿ ನಿಂತು ಇಲ್ಲ ಇಲ್ಲ ಎನ್ನುತ್ತಿದ್ದಳು.

“ದಾರಿ ಬಿಡ್ರೋ!” ಎಂದೆ. ಹೋಗಿ ಅವಳ ಪಕ್ಕದ ಕಲ್ಲಿನ ಮೇಲೆ ಹತ್ತಿದೆ. ಎಪ್ಪತ್ತೆರಡು ವರ್ಷದವಳು, ಹತ್ತುವಾಗ ಮೊಣಕಾಲು ಟಕ್ ಎಂದಿತು.

“ಎಲ್ಲಾ ಕೇಳಿ. ಒಂದೇ ಸಲ ಹೇಳ್ತೀನಿ. ನಾವು ಸೇತುವೆಯವರು ಡೋಲನ್ನೇ ಅಲ್ಲ!”

“ಹಿಕ್” ಎಂದ ಫಿಂಟನ್.

“ನಮ್ಮಜ್ಜ ಬುಟ್ಟೀಲಿ ಸಿಕ್ಕಿದ ಮಗು. ಟೆರೆನ್ಸ್ ಸಾಕ್ಕೊಂಡ. ಅಪ್ಪ ಯಾರೋ ಅಮ್ಮ ಯಾರೋ, ದೇವರಿಗೇ ಗೊತ್ತು. ಇಗೋ ಕಾಗದ. ಈ ಮೂವತ್ತು ವರ್ಷದಿಂದ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಾವುಟ ಹಿಡ್ಕೊಂಡು ಮೆರೆದೆ. ನಗ್ತೀರೋ, ನಗಿ. ಆದ್ರೆ ಡಿಂಪ್ನಾಳ ಮದ್ದು ಸುಳ್ಳು ಅಂತ ಇನ್ನು ಯಾರಾದ್ರೂ ಅಂದ್ರೆ ಈ ಕಟ್ಟಲ್ಲೇ ಅವರ ತಲೆಗೆ ಹಾಕ್ತೀನಿ!”

ನರೆಲ್ ಓಡಿಬಂದು ಕಾಗದ ಕಿತ್ತುಕೊಂಡು ಓದಿದಳು. ಕನ್ನಡಕ ಏರಿಸಿದಳು, ಇಳಿಸಿದಳು. “ಸರಿ ಇದೆ! ಇಸವಿ ಸರಿ ಇದೆ! ಅದಕ್ಕೇ ಹುಟ್ಟಿನ ದಾಖಲೆ ಸಿಗ್ಲಿಲ್ಲ! ಅಸಂಪ್ಟಾ, ನಿಮ್ಗೆ ಗೊತ್ತಿಲ್ಲ ಇದು ಎಷ್ಟು ದೊಡ್ಡ... ಇಲ್ಲಿ ಚುಕ್ಕಿ ಗೆರೆ ಹಾಕ್ಲಾ?”

“ಚುಕ್ಕಿ ಯಾಕೆ? ದಪ್ಪಗೆ ಮಸೀಲಿ ಬರಿ” ಎಂದೆ.

ಫೆಲಿಮ್ ಪೈಪು ಬಾಯಿಂದ ತೆಗೆದ. ನನಗೆ ಹೆದರಿಕೆಯಿದ್ದದ್ದು ಅವನ ಮುಖ ನೋಡಲು. “ಹಾಗಾದ್ರೆ ನಾವು ಯಾರಕ್ಕಾ?” ಎಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು, “ಬುಟ್ಟಿ ಡೋಲನ್ನರು!”

ಮುಗಿಯಿತು. ನಮ್ಮ ಊರಿನಲ್ಲಿ ಅಡ್ಡಹೆಸರು ಒಮ್ಮೆ ಬಿತ್ತೆಂದರೆ ಬಿತ್ತು. ಅಂಗಳವೆಲ್ಲ ನಗೆ. ಫೆಲಿಮ್ ಒಂದು ಗಳಿಗೆ ಆ ಹೆಸರನ್ನು ಬಾಯಲ್ಲಿ ಆಡಿಸಿ ನೋಡಿದ, “ಪರವಾಗಿಲ್ಲ, ಕತ್ತೆಗಿಂತ ವಾಸಿ” ಎಂದ. ಆಗ ಡಿಂಪ್ನಾ ನಕ್ಕಳು. ನಾಲ್ಕು ದಿನದ ನಗುವನ್ನೆಲ್ಲ ಒಟ್ಟು ಸೇರಿಸಿ ನಕ್ಕಳು. ಕೋಳಿಗಳು ದಿಕ್ಕಾಪಾಲಾದವು. ನನ್ನ ಮನೆಯ ಬಸಿ ಖಂಡಿತ ಅಲುಗಾಡಿರಬೇಕು.

ಫಿಂಟನ್ ಟೋಪಿ ತೆಗೆದು ಹೊಸಿಲಿಗೆ ಬಂದ. “ಡಿಂಪ್ನಾ ಆಂಟೀ, ಹಿಕ್, ಒಂದು ಚೂರು ಬ್ರೆಡ್ಡು ಕೊಡ್ತೀರಾ?”

ಅವಳು ದಪ್ಪ ತುಂಡು ಕೊಯ್ದಳು. ಬೆಣ್ಣೆ, ಅದರ ಮೇಲೆ ಕಪ್ಪು ದ್ರಾಕ್ಷಿಯಂಥ ಹಣ್ಣಿನ ಜಾಮ್. ಅವನು ಮೂರು ಬಾಯಿಗೆ ಮುಗಿಸಿದ. ಎಲ್ಲರೂ ಕಾದರು. ಒಂದು ನಿಮಿಷ. ಎರಡು. ಫಾದರ್ ಗಡಿಯಾರ ಹಿಡಿದು ತುಟಿ ಅಲ್ಲಾಡಿಸುತ್ತಿದ್ದರು. ಬಿಕ್ಕಳಿಕೆ ಬರಲಿಲ್ಲ! ಹೋ ಎಂದು ಅಂಗಳ ಎದ್ದಿತು. ನರೆಲ್ ಎರಡೂ ಕೈ ಎತ್ತಿ “ಥ್ಯಾ—” ಎಂದದ್ದೇ ತಡ, ತಂಡದ ನಾಲ್ವರು ಅವಳ ಬಾಯಿ ಮುಚ್ಚಿ ಎತ್ತಿಕೊಂಡೇ ಗೇಟಿನಾಚೆ ಒಯ್ದರು.

ಭಾನುವಾರದ ಮಾತನ್ನು ಈಗಲೇ ಹೇಳಿ ಮುಗಿಸುತ್ತೇನೆ. ಬಿಕ್ಕಳಿಕೆ ನಿಂತಿತ್ತು, ಚೆಂಡು ನಿಲ್ಲಲಿಲ್ಲ. ಐದು ಗೋಲಿನಿಂದ ಸೋತೆವು. ಮದ್ದಿನ ತಪ್ಪಲ್ಲ ಅದು. ಫಿಂಟನ್‌ಗೆ ಬಲಗಡೆ ಹಾರಲು ಯಾವಾಗಲೂ ಬರುತ್ತಿರಲಿಲ್ಲ.

ಶುಕ್ರವಾರಕ್ಕೇ ಬರೋಣ. ಜನ ಕರಗಿದರು. ಅಂಗಳದಲ್ಲಿ ನಾನು, ಅವಳು. ನಾನು ಕಲ್ಲಿನಿಂದ ಇಳಿದು, ಡಬ್ಬಿಯನ್ನೂ ಕಟ್ಟನ್ನೂ ಕಂಕುಳಲ್ಲಿಟ್ಟುಕೊಂಡು, ಸ್ವಲ್ಪ ನಿಂತೆ. ಕಾದೆ ಎಂದೇ ಹೇಳಬೇಕು. ಡಿಂಪ್ನಾ ನನ್ನ ಮುಖ ನೋಡಿದಳು. ಒಂದು ಮಾತೂ ಆಡಲಿಲ್ಲ. ತಿರುಗಿ ಒಳಗೆ ಹೋದಳು.

ನನಗೆ ಬಂದ ಕೋಪ! ದಡದಡ ಹೊಳೆಯ ಕಡೆ ನಡೆದೆ. “ನೋಡಿದ್ರಾ ಗುಡ್ಡದವರ ಬುದ್ಧಿ! ಊರ ಮುಂದೆ ಅಜ್ಜನ್ನ ಬುಟ್ಟೀಲಿ ಕೂರಿಸ್ದೆ, ಬಾವುಟ ಬಿಟ್ಟೆ, ಹೆಸರು ಬಿಟ್ಟೆ, ಬಾಯಿಮಾತಿಗೆ ಒಂದು ಥ್ಯಾಂಕ್ಸ್ ಬೇಡ್ವಾ?” ಎಂದು ದಾರಿಯುದ್ದಕ್ಕೂ ಒಬ್ಬಳೇ ಒದರಿದೆ. ಸೇತುವೆಯ ನಡುವೆ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿ ನಿಂತಿತು.

ಗುರುವಾರ ಅವಳು ನನ್ನ ಬಾಗಿಲಿಗೆ ಬಂದಿದ್ದಳು. ಹೊಸಿಲು ದಾಟಲಿಲ್ಲ. ಬಾಯಿಬಿಟ್ಟು ಕೇಳಿದಳು. ತಡವಾಗಿಯಾದರೂ ನಾನು ಕೊಟ್ಟೆ. ಹಣ ಗಿಣ ಇಲ್ಲ. ಈಗ ಅವಳು ಥ್ಯಾಂಕ್ಸ್ ಹೇಳಿಬಿಟ್ಟಿದ್ದರೆ?

ಅಯ್ಯೋ ನನ್ನ ಬುದ್ಧಿಗಿಷ್ಟು! ಕಮಾನಿನ ಗೋಡೆ ಹಿಡಿದು ನಗತೊಡಗಿದೆ. ನನಗೂ ಅವಳಂಥದೇ ನಗು ಇದೆಯೆಂದು ಎಪ್ಪತ್ತೆರಡು ವರ್ಷಕ್ಕೆ ಗೊತ್ತಾಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಕ್ಕು ನಕ್ಕು ಕೊನೆಗೆ,

“ಹಿಕ್!”

ಒಂದು, ಎರಡು, ಮೂರು. ನಿಲ್ಲುವ ಲಕ್ಷಣವಿಲ್ಲ. ಸೇತುವೆಯ ಆ ಕಡೆ ನನ್ನ ಮನೆ, ಈ ಕಡೆ ಅವಳದು. ನಾನು ತಿರುಗಿದೆ.

ಬಾಗಿಲು ತೆರೆದೇ ಇತ್ತು. ಅವಳು ಮೇಜಿನ ಬಳಿ ನಿಂತು ಬ್ರೆಡ್ಡಿನ ಪುಡಿ ಒರೆಸುತ್ತಿದ್ದಳು. ಹೊಸಿಲಲ್ಲಿ ನಿಂತು ಕೇಳಿದೆ, “ಡಿಂಪ್ನಾ, ಹಿಕ್, ನಂಗೂ ಒಂದು ಚೂರು ಕೊಡೇ.”

ಅವಳು ನಗಲಿಲ್ಲ. ತುಟಿ ಕಚ್ಚಿ ಹಿಡಿದಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ಬ್ರೆಡ್ಡಿನ ತುದಿಯ ಗರಿಗರಿ ತುಂಡು ಕೊಯ್ದು, ಜಾಮ್ ತುಳುಕುವಷ್ಟು ಹಚ್ಚಿ ಕೈಗಿಟ್ಟಳು. ತಿಂದೆ. ನಲವತ್ತೊಂದು ವರ್ಷ ಇಷ್ಟು ರುಚಿಯಾದದ್ದನ್ನು ಬಿಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು. ಕೈಗೆ ಮೆತ್ತಿದ ಜಾಮನ್ನು ಲಾಂಛನದ ಬಟ್ಟೆಗೆ ಒರೆಸೋಣವೆಂದರೆ ಅದು ಗಾಜಿನೊಳಗೆ ಭದ್ರವಾಗಿತ್ತು. ಲಂಗಕ್ಕೇ ಒರೆಸಿಕೊಂಡೆ.

ಆಮೇಲೆ ಥ್ಯಾಂಕ್ಸ್ ಹೇಳದೆ ಮನೆಗೆ ಹೋದೆ.